ಕೆಲಸದ ಮೇಲೆ ವಿದೇಶಕ್ಕೆ ಹೊರಟಿದೀರಾ? ದುಡ್ಡಿಗೆ ಬಗೆಹರಿಯೋ ಎಡವಟ್ಟು ಬೇರೆ, ಬಗೆಹರಿಯದೇ ಇರೋದು ಬೇರೆ

ಪ್ರಶ್ನೆ: ನಾನು ಕ್ಯಾಮೆರಾ ಇನ್‌ಸ್ಪೆಕ್ಷನ್ ಮಷಿನ್ ಮಾಡೋ ಕಂಪನಿಯಲ್ಲಿ ಸರ್ವಿಸ್ ಇಂಜಿನಿಯರ್. ಮುಂದಿನ ತಿಂಗಳು ಮೊದಲನೇ ಸಲ ವಿದೇಶಕ್ಕೆ ಹೊರಟಿದೀನಿ. ಮೊದಲು ಜರ್ಮನಿಯಲ್ಲಿ ಒಂದು ಟ್ರೇಡ್ ಫೇರ್, ಆಮೇಲೆ ಅಮೆರಿಕದಲ್ಲಿ ಕಸ್ಟಮರ್ ಪ್ಲಾಂಟಲ್ಲಿ ಮಷಿನ್ ಇನ್‌ಸ್ಟಾಲೇಶನ್, ವಾಪಸ್ ಬರ್ತಾ ದುಬೈಯಲ್ಲಿ ಎರಡು ದಿನ ಮೀಟಿಂಗ್. ಜೊತೆಗೆ ಒಂದು ಡೆಮೊ ಯೂನಿಟ್ ಕೂಡ ಒಯ್ಯಬೇಕು. ಸೀನಿಯರ್‌ಗಳು ಬ್ಯಾಗ್ ಕಳೆದುಹೋದ ಕಥೆ, ಫ್ಲೈಟ್ ತಪ್ಪಿಹೋದ ಕಥೆ, ಇಮಿಗ್ರೇಶನ್‌ನಲ್ಲಿ ಗಂಟೆಗಟ್ಟಲೆ ಕೂರಿಸಿದ ಕಥೆ ಎಲ್ಲಾ ಹೇಳಿ ಹೇಳಿ ನಂಗೆ ನಿದ್ದೆ ಬರ್ತಿಲ್ಲ. ನಿಜವಾಗ್ಲೂ ಯಾವುದಕ್ಕೆ ಹೆದರಬೇಕು, ಯಾವುದಕ್ಕೆ ಬೇಡ?

ಉತ್ತರ: ನಿಮ್ಮ ಸೀನಿಯರ್‌ಗಳು ಹೇಳಿದ್ದು ಸುಳ್ಳಲ್ಲ, ಅವೆಲ್ಲಾ ಆಗತ್ತೆ. ಆದ್ರೆ ಅವರು ಎಲ್ಲವನ್ನೂ ಒಂದೇ ಗಂಟಿಗೆ ಹಾಕಿ ನಿಮಗೆ ಕೊಟ್ಟಿದಾರೆ, ಅಲ್ಲೇ ತೊಂದರೆ. ನಾನು ಫೀಲ್ಡ್ ಸರ್ವಿಸಲ್ಲಿ ವರ್ಷಗಟ್ಟಲೆ ಓಡಾಡಿ ಈಗ ಬೇರೆಯವರನ್ನ ಕಳಿಸೋ ಜವಾಬ್ದಾರಿ ನೋಡ್ಕೊತಿರೋದು, ಹಾಗಾಗಿ ನನ್ನ ಲೆಕ್ಕ ಇಷ್ಟೇ: ಬ್ಯಾಗ್ ಬರಲಿಲ್ಲ, ಫ್ಲೈಟ್ ಹೋಯ್ತು, ಹೋಟೆಲ್ ಬುಕಿಂಗ್ ಸಿಗಲಿಲ್ಲ, ಇವು ಸ್ವಲ್ಪ ದುಡ್ಡು, ಒಂದೆರಡು ದಿನ, ಒಂದಿಷ್ಟು ಫೋನ್ ಕಾಲಲ್ಲಿ ಬಗೆಹರಿಯತ್ತೆ. ವೀಸಾ, ಕಸ್ಟಮ್ಸ್, ಔಷಧಿ, ರಸ್ತೆ ಅಪಘಾತ, ಈ ನಾಲ್ಕು ಮಾತ್ರ ಹಾಗಲ್ಲ. ಇಲ್ಲಿ ಎಡವಿದ್ರೆ ಕಂಪನಿ ಎಷ್ಟೇ ದುಡ್ಡು ಸುರಿದ್ರೂ ನೀವು ಆ ದೇಶದ ಕಾನೂನಿನ ಕೈಲಿ ಇರ್ತೀರ, ಇಲ್ಲಾ ಆಸ್ಪತ್ರೆಯಲ್ಲಿ ಇರ್ತೀರ. ನಿಮ್ಮ ಆತಂಕವನ್ನೆಲ್ಲಾ ಈ ನಾಲ್ಕರ ಮೇಲೆ ಖರ್ಚು ಮಾಡಿ, ಉಳಿದದ್ದಕ್ಕೆ ನಿದ್ದೆ ಕೆಡಿಸ್ಕೊಬೇಡಿ.

ವೀಸಾ ವಿಷಯಕ್ಕೆ ಬರ್ತೀನಿ, ಇದರ ಬಗ್ಗೆ ಜಾಸ್ತಿ ಬರೀತೀನಿ ಯಾಕಂದ್ರೆ ನಿಮ್ಮ ಟ್ರಿಪ್ಪಲ್ಲಿ ಅತಿ ಸೂಕ್ಷ್ಮವಾದ ಜಾಗ ಇದೇ. ವೀಸಾ ಸಿಕ್ತು ಅಂದ್ರೆ ಮುಗೀತು ಅಂದ್ಕೊಳ್ಳೋರೇ ಜಾಸ್ತಿ. ಆದ್ರೆ ಪ್ರಶ್ನೆ ಇರೋದು ವೀಸಾ ಇದೆಯಾ ಇಲ್ವಾ ಅಂತಲ್ಲ, ನೀವು ಅಲ್ಲಿ ಹೋಗಿ ಮಾಡೋ ಕೆಲಸ ಆ ವೀಸಾದೊಳಗೆ ಬರತ್ತಾ ಅಂತ. ಟ್ರೇಡ್ ಫೇರಲ್ಲಿ ನಿಂತು ಮಷಿನ್ ತೋರಿಸೋದು, ಮೀಟಿಂಗ್ ಮಾಡೋದು, ಕಾಂಟ್ರಾಕ್ಟ್ ಮಾತಾಡೋದು ಸಾಮಾನ್ಯವಾಗಿ ಎಲ್ಲಾ ಕಡೆ ಬಿಸಿನೆಸ್ ವೀಸಾದಲ್ಲಿ ನಡೆಯತ್ತೆ. ಕೈಯಲ್ಲಿ ಸ್ಪ್ಯಾನರ್ ಹಿಡಿದು ಕಸ್ಟಮರ್ ಫ್ಲೋರಿಗೆ ಇಳಿದ್ರಿ ಅಂದ್ರೆ ಕಥೆ ಬೇರೆ ಆಗತ್ತೆ, ಆಗ ಪ್ರತಿ ದೇಶಕ್ಕೂ ಅದರದ್ದೇ ಷರತ್ತು ಇರತ್ತೆ.

ಅಮೆರಿಕದ ಬಿ-1 ಅನ್ನೋ ಬಿಸಿನೆಸ್ ವೀಸಾದಲ್ಲಿ ಇನ್‌ಸ್ಟಾಲೇಶನ್‌ಗೆ ದಾರಿ ಇದೆ, ಆದ್ರೆ ಕಿರಿದಾದ ದಾರಿ. ಮಷಿನನ್ನ ಅಮೆರಿಕದ ಹೊರಗಿನ ಕಂಪನಿಯಿಂದ ಕೊಂಡಿರಬೇಕು, ಮಾರಾಟದ ಕಾಂಟ್ರಾಕ್ಟಲ್ಲೇ ಇನ್‌ಸ್ಟಾಲ್ ಮಾಡಿಕೊಡೋದು ಮಾರಿದವರ ಹೊಣೆ ಅಂತ ಬರೆದಿರಬೇಕು, ಹೋಗೋ ವ್ಯಕ್ತಿಗೆ ಆ ಕೆಲಸಕ್ಕೆ ಬೇಕಾದ ವಿಶೇಷ ತಿಳಿವಳಿಕೆ ಇರಬೇಕು, ಸಂಬಳ ಅಮೆರಿಕದಿಂದ ಬರಬಾರದು. ಕಟ್ಟಡ ಕಟ್ಟೋ ಥರದ ಕೆಲಸ, ಅಂದ್ರೆ ಫೌಂಡೇಶನ್ನು ವೈರಿಂಗು ಇಂಥದ್ದಕ್ಕೆ ನೀವೇ ಕೈ ಹಾಕೋ ಹಾಗಿಲ್ಲ. ಅಂಥದ್ದರ ಮೇಲ್ವಿಚಾರಣೆ ಮಾಡಬಹುದು, ಅಲ್ಲಿಯವರಿಗೆ ಕಲಿಸಿಕೊಡಬಹುದು, ಅಷ್ಟೇ. ಹಾಗಾಗಿ ಈ ವಾರವೇ ನಿಮ್ಮ ಸೇಲ್ಸ್ ಟೀಮ್ ಹತ್ರ ಹೋಗಿ ಆ ಕಾಂಟ್ರಾಕ್ಟಿನ ಪ್ರತಿ ಕೇಳಿ, ಇನ್‌ಸ್ಟಾಲೇಶನ್ ಸಾಲು ಯಾವ ಪುಟದಲ್ಲಿದೆ ಅಂತ ನಿಮ್ಮ ಕಣ್ಣಾರೆ ನೋಡಿ, ಇಲ್ಲ ಅಂದ್ರೆ ಹೊರಡೋಕೆ ಮುಂಚೆ ಇಮಿಗ್ರೇಶನ್ ವಕೀಲರ ಹತ್ರ ಮಾತಾಡಿ ಅಂತ ಕಂಪನಿಗೆ ಮೇಲ್ ಹಾಕಿ. ಮೇಲಲ್ಲೇ ಹಾಕಿ, ಬಾಯಲ್ಲಿ ಹೇಳಿ ಬಿಡಬೇಡಿ.

ಇಷ್ಟು ಒತ್ತಿ ಹೇಳೋಕೆ ಕಾರಣ ಇದೆ. 2025ರ ಸೆಪ್ಟೆಂಬರ್ 4ರಂದು ಜಾರ್ಜಿಯಾ ರಾಜ್ಯದ ಎಲ್ಲಾಬೆಲ್‌ನಲ್ಲಿ ಹ್ಯುಂಡೈ ಮತ್ತು ಎಲ್‌ಜಿ ಸೇರಿ ಕಟ್ಟಿಸ್ತಿದ್ದ ಬ್ಯಾಟರಿ ಕಾರ್ಖಾನೆ ಮೇಲೆ ಅಮೆರಿಕದ ಇಮಿಗ್ರೇಶನ್‌ನವರು ದಾಳಿ ಮಾಡಿ 475 ಜನರನ್ನ ಹಿಡಿದ್ರು, ಅದರಲ್ಲಿ 300ಕ್ಕೂ ಹೆಚ್ಚು ಜನ ದಕ್ಷಿಣ ಕೊರಿಯಾದವರು. ಮಷಿನ್ ಕೂರಿಸೋಕೆ ಅಂತ ಬಂದಿದ್ದ ಇಂಜಿನಿಯರ್‌ಗಳು, ಟೆಕ್ನಿಶಿಯನ್‌ಗಳು ಅದರಲ್ಲಿದ್ರು, ಕೆಲವರು ಬಿಸಿನೆಸ್ ವೀಸಾದಲ್ಲಿ, ಕೆಲವರು ಎಸ್ಟಾ ಅನ್ನೋ ವೀಸಾರಹಿತ ಅನುಮತಿಯಲ್ಲಿ ಬಂದಿದ್ದೋರು. ಅವರು ಮಾಡ್ತಿದ್ದ ಕೆಲಸ ಆ ಅನುಮತಿಯೊಳಗೆ ಬರತ್ತೋ ಇಲ್ವೋ ಅನ್ನೋ ವಾದ ಎರಡು ಸರ್ಕಾರಗಳ ಮಟ್ಟಕ್ಕೆ ಹೋಯ್ತು, ಒಂದು ವಾರದ ಮೇಲೆ ಕೊರಿಯಾ ಸರ್ಕಾರ ಚಾರ್ಟರ್ ವಿಮಾನ ಕಳಿಸಿ ತನ್ನವರನ್ನ ಕರ್ಕೊಂಡು ಹೋಯ್ತು. ಆ ಒಂದು ವಾರ ಅವರು ಬಂಧನದಲ್ಲೇ ಇದ್ರು. ಅಷ್ಟು ದೊಡ್ಡ ಕಂಪನಿಗಳ ಹಿನ್ನೆಲೆ ಇದ್ದೂ ಹೀಗಾಯ್ತು ಅಂದ್ಮೇಲೆ ಒಬ್ಬರೇ ಹೋಗೋ ಸರ್ವಿಸ್ ಇಂಜಿನಿಯರ್ ಕಾಗದ ಸರಿ ಇಟ್ಕೊಳ್ಳದೇ ಹೋಗೋದು ನಂಗೆ ಒಪ್ಪಿಗೆ ಆಗೋ ಮಾತಲ್ಲ.

ಇಮಿಗ್ರೇಶನ್ ಕೌಂಟರಲ್ಲಿ ಏನು ಹೇಳಬೇಕು ಅಂತ ಎಲ್ರೂ ಕೇಳ್ತಾರೆ. ನಿಜ ಹೇಳಿ, ಚಿಕ್ಕದಾಗಿ ಹೇಳಿ, ಮಾಡೋ ಕೆಲಸವನ್ನೇ ವಿವರಿಸಿ: ನಮ್ಮ ಕಂಪನಿ ಈ ಮಷಿನ್ ಮಾರಿದೆ, ಕಾಂಟ್ರಾಕ್ಟ್ ಪ್ರಕಾರ ಇನ್‌ಸ್ಟಾಲ್ ಮಾಡಿ ಅವರ ಆಪರೇಟರ್‌ಗಳಿಗೆ ಟ್ರೈನಿಂಗ್ ಕೊಡೋಕೆ ಬಂದಿದೀನಿ, ಇಷ್ಟು ದಿನ ಇರ್ತೀನಿ, ಸಂಬಳ ನನ್ನ ಕಂಪನಿ ಕೊಡತ್ತೆ. ಯಾರೋ ಹೇಳಿದ್ರು ಅಂತ ಟೂರಿಸ್ಟ್ ಅಂತ ಹೇಳಿ ಬ್ಯಾಗಲ್ಲಿ ಟೂಲ್ ಕಿಟ್ಟು ಸೇಫ್ಟಿ ಶೂ ಇಟ್ಕೊಂಡಿದ್ರೆ ಅದು ಅಲ್ಲೇ ಹೊರಬೀಳತ್ತೆ, ಸುಳ್ಳು ಹೇಳಿದ್ದು ರೆಕಾರ್ಡಾಗತ್ತೆ, ಆ ರೆಕಾರ್ಡ್ ಮುಂದಿನ ಪ್ರತಿ ವೀಸಾ ಅರ್ಜಿಯಲ್ಲೂ ನಿಮ್ಮ ಹಿಂದೆ ಬರತ್ತೆ. ಆಮಂತ್ರಣ ಪತ್ರ, ಕಾಂಟ್ರಾಕ್ಟಿನ ಆ ಪುಟ, ರಿಟರ್ನ್ ಟಿಕೆಟ್, ಪ್ಲಾಂಟಲ್ಲಿ ಫೋನ್ ಎತ್ತೋ ಒಬ್ಬರ ನಂಬರ್, ಇವು ಪ್ರಿಂಟಾಗಿ ಕ್ಯಾಬಿನ್ ಬ್ಯಾಗಲ್ಲಿರಲಿ. ಫೋನ್ ಚಾರ್ಜ್ ಮುಗಿದಿರತ್ತೆ, ಇಮಿಗ್ರೇಶನ್ ಸಾಲಲ್ಲಿ ಎಷ್ಟೋ ಕಡೆ ಫೋನ್ ತೆಗೆಯೋಕೂ ಬಿಡಲ್ಲ. ಇನ್ನು ಗಂಟೆಗಟ್ಟಲೆ ಕೂರಿಸಿದ್ರು ಅನ್ನೋ ಕಥೆ, ಅದು ಎರಡನೇ ಸುತ್ತಿನ ತಪಾಸಣೆ, ಎಷ್ಟೋ ಸಲ ಹೆಸರು ಹೋಲಿಕೆಗೋ ಸುಮ್ಮನೆ ಆರಿಸಿ ತೆಗೆದಿದ್ದಕ್ಕೋ ಆಗಿರತ್ತೆ. ಕಾಗದ ಸರಿ ಇದ್ರೆ ನೀವು ಕಳ್ಕೊಳ್ಳೋದು ಆ ಒಂದೆರಡು ಗಂಟೆ ಅಷ್ಟೇ, ಅದಕ್ಕೇ ಮುಂದಿನ ಕನೆಕ್ಷನ್ ಫ್ಲೈಟಿಗೆ ಸಮಯ ಧಾರಾಳವಾಗಿ ಬಿಡಿ. ಅಮೆರಿಕದಲ್ಲಂತೂ ಮೊದಲು ಇಳಿಯೋ ಏರ್‌ಪೋರ್ಟಲ್ಲೇ ಇಮಿಗ್ರೇಶನ್ ಮುಗಿಸಿ, ಬ್ಯಾಗ್ ತಗೊಂಡು, ಕಸ್ಟಮ್ಸ್ ದಾಟಿ, ಮತ್ತೆ ಬ್ಯಾಗ್ ಕೊಟ್ಟು ಒಳಗಿನ ಫ್ಲೈಟ್ ಹಿಡೀಬೇಕು, ಒಂದೂವರೆ ಗಂಟೆ ಗ್ಯಾಪಲ್ಲಿ ಟಿಕೆಟ್ ಮಾಡಿಕೊಟ್ರೆ ಬೇಡ ಅನ್ನಿ.

ದಿನಗಳ ಲೆಕ್ಕ ಇನ್ನೊಂದು. ಷೆಂಗನ್ ದೇಶಗಳಲ್ಲಿ, ಅಂದ್ರೆ ಒಂದೇ ವೀಸಾದಲ್ಲಿ ಓಡಾಡಬಹುದಾದ ಜರ್ಮನಿಯಂಥ ಯುರೋಪಿನ ದೇಶಗಳಲ್ಲಿ, ಯಾವುದೇ 180 ದಿನದೊಳಗೆ 90 ದಿನ ಮಾತ್ರ, ಎಲ್ಲಾ ಷೆಂಗನ್ ದೇಶ ಸೇರಿಸಿ. 2025ರ ಅಕ್ಟೋಬರ್ 12ರಿಂದ ಅಲ್ಲಿ ಹಂತ ಹಂತವಾಗಿ ಹೊಸ ಎಂಟ್ರಿ ಎಕ್ಸಿಟ್ ವ್ಯವಸ್ಥೆ ಬಂದಿದೆ, ಬೆರಳಚ್ಚು ಮುಖ ಎರಡೂ ದಾಖಲಾಗಿ ಲೆಕ್ಕ ಕಂಪ್ಯೂಟರೇ ಇಡತ್ತೆ, ಮುದ್ರೆ ಸರಿಯಾಗಿ ಕಾಣ್ತಿರಲಿಲ್ಲ ಅನ್ನೋ ಮಾತು ಇನ್ನು ನಡೆಯಲ್ಲ. ಅಮೆರಿಕದಲ್ಲಿ ಪಾಸ್‌ಪೋರ್ಟಲ್ಲಿರೋ ವೀಸಾ ಸ್ಟಿಕರಿನ ಕೊನೇ ದಿನಾಂಕ ನೋಡಿ ಅಲ್ಲೀವರೆಗೂ ಇರಬಹುದು ಅಂದ್ಕೊಳ್ಳೋದು ಬಹಳ ಅಪಾಯ, ಆ ದಿನಾಂಕ ಬಾಗಿಲಿಗೆ ಬರೋಕಷ್ಟೇ. ಒಳಗೆ ಎಷ್ಟು ದಿನ ಇರಬಹುದು ಅನ್ನೋದು ಐ-94 ಅನ್ನೋ ದಾಖಲೆಯಲ್ಲಿ ಇರತ್ತೆ, ಇಳಿದ ದಿನ ಸಂಜೆನೇ ಆನ್‌ಲೈನಲ್ಲಿ ತೆಗೆದು ಪಿಡಿಎಫ್ ಇಟ್ಕೊಳಿ. ಇನ್‌ಸ್ಟಾಲೇಶನ್ ಒಂದು ವಾರ ಜಾಸ್ತಿ ಎಳೀತು ಅಂದಾಗ ಮೊದಲು ನೋಡಬೇಕಾದ್ದು ಅದನ್ನೇ.

ಈಗ ಡೆಮೊ ಯೂನಿಟ್. ಮೊದಲ ಸಲ ಹೋಗೋರು ಇದನ್ನ ಲಗೇಜ್ ಅಂದ್ಕೊತಾರೆ, ಕಸ್ಟಮ್ಸ್ ಕಣ್ಣಿಗೆ ಅದು ಆಮದು. ಬೆಲೆಬಾಳೋ ಯಂತ್ರ ಒಂದನ್ನ ದೇಶದೊಳಗೆ ತಂದ್ರಿ, ಸುಂಕ ಕಟ್ಟಲಿಲ್ಲ, ಮಾರಿ ಹೋಗಲ್ಲ ಅನ್ನೋಕೆ ಏನು ಗ್ಯಾರಂಟಿ ಅಂತ ಅವರು ಕೇಳೋದು ನ್ಯಾಯವೇ. ಇದಕ್ಕೇ ಅಂತ 1961ರಿಂದ ಎಟಿಎ ಕಾರ್ನೆ ಅನ್ನೋ ವ್ಯವಸ್ಥೆ ಇದೆ, ವಸ್ತುಗಳಿಗೆ ಪಾಸ್‌ಪೋರ್ಟ್ ಇದ್ದ ಹಾಗೆ. ಸುಮಾರು 80 ದೇಶ ಮತ್ತು ಪ್ರದೇಶಗಳಲ್ಲಿ ನಡೆಯತ್ತೆ, ಗರಿಷ್ಠ ಒಂದು ವರ್ಷದ ಅವಧಿ, ಪ್ರದರ್ಶನದ ವಸ್ತು, ಸ್ಯಾಂಪಲ್, ವೃತ್ತಿಯ ಉಪಕರಣ ಇವುಗಳನ್ನ ಸುಂಕ ಕಟ್ಟದೇ ಒಯ್ದು ವಾಪಸ್ ತರಬಹುದು. ಕೆಲವು ದೇಶ ಟ್ರೇಡ್ ಫೇರ್‌ಗೆ ಮಾತ್ರ ಒಪ್ಪತ್ತೆ, ವೃತ್ತಿ ಉಪಕರಣಕ್ಕೆ ಒಪ್ಪಲ್ಲ, ಹಾಗಾಗಿ ಕಾರ್ನೆ ಕೊಡೋ ಚೇಂಬರ್ ಆಫ್ ಕಾಮರ್ಸ್ ಹತ್ರ ನಿಮ್ಮ ಮೂರೂ ದೇಶದ ಹೆಸರು, ಪ್ರತಿ ದೇಶದಲ್ಲಿ ಉದ್ದೇಶ ಏನು ಅಂತ ಬರೆದು ಕೇಳಿ. ಕಸ್ಟಮರ್‌ಗೆ ಬಿಟ್ಟುಬರೋ ಸ್ಪೇರ್ ಪಾರ್ಟು, ಖರ್ಚಾಗೋ ಕೇಬಲ್ ಟೈ, ಸಾಲ್ವೆಂಟು, ಹಂಚೋ ಬ್ರೋಷರ್ ಇದರೊಳಗೆ ಬರಲ್ಲ, ವಾಪಸ್ ಬರೋದು ಮಾತ್ರ.

ಕಾರ್ನೆಯಲ್ಲಿ ಜನ ಎಡವೋದು ಎರಡು ಕಡೆ. ಒಂದು, ಪಟ್ಟಿ. ಪ್ರತಿ ಐಟಂ ಸೀರಿಯಲ್ ನಂಬರ್ ಸಮೇತ ಬರೆದಿರಬೇಕು, ಹೊರಡೋ ಹಿಂದಿನ ರಾತ್ರಿ ಲೆನ್ಸ್ ಬದಲಾಯಿಸಿ ಬೇರೆ ಸೀರಿಯಲ್ ನಂಬರಿಂದು ಹಾಕಿದ್ರಿ ಅಂದ್ರೆ ಪಟ್ಟಿ ಸುಳ್ಳಾಯ್ತು. ಪಟ್ಟಿ ಕೈಗೆ ಬಂದ ಮೇಲೆ ಪೆಟ್ಟಿಗೆ ಮುಟ್ಟಬೇಡಿ ಅಂತ ನಿಮ್ಮ ಸ್ಟೋರ್ಸ್‌ನವರಿಗೂ ಹೇಳಿ. ಎರಡು, ಮುದ್ರೆ. ಹಳದಿ ಹಾಳೆ ನಿಮ್ಮ ದೇಶದಿಂದ ಹೊರಡೋಕೆ ಮತ್ತು ವಾಪಸ್ ಬರೋಕೆ, ಬಿಳಿ ಹಾಳೆ ಪ್ರತಿ ದೇಶಕ್ಕೆ ಒಳಗೆ ಹೋಗೋಕೆ ಮತ್ತು ಹೊರಗೆ ಬರೋಕೆ, ನೀಲಿ ದಾರಿಯಲ್ಲಿ ದಾಟಿಹೋಗೋ ದೇಶಕ್ಕೆ. ಒಳಗೆ ಹೋಗೋವಾಗ ಹೇಗೂ ಕಸ್ಟಮ್ಸ್ ದಾಟಬೇಕು, ಅಲ್ಲಿ ತೋರಿಸಿ ಮುದ್ರೆ ಹಾಕಿಸ್ಕೊಳಿ, ಹೊರಗೆ ಬರೋವಾಗ ಯಾರೂ ನಿಲ್ಲಿಸಲ್ಲ, ನೀವೇ ಕಸ್ಟಮ್ಸ್ ಆಫೀಸ್ ಹುಡುಕ್ಕೊಂಡು ಹೋಗಬೇಕು, ಅದೂ ಬ್ಯಾಗ್ ಚೆಕ್-ಇನ್ ಮಾಡೋಕೆ ಮುಂಚೆ, ಯಾಕಂದ್ರೆ ವಸ್ತು ತೋರಿಸು ಅಂತಾರೆ. ಆ ಒಂದು ಮುದ್ರೆ ಇಲ್ಲದಿದ್ರೆ ಆ ದೇಶದ ಪ್ರಕಾರ ನಿಮ್ಮ ಮಷಿನ್ ಇನ್ನೂ ಅಲ್ಲೇ ಇದೆ, ತಿಂಗಳುಗಳಾದ ಮೇಲೆ ಸುಂಕದ ನೋಟಿಸ್ ಬರತ್ತೆ, ಕಂಪನಿ ಇಟ್ಟ ಗ್ಯಾರಂಟಿಯಿಂದ ದುಡ್ಡು ಹೋಗತ್ತೆ. ರಾತ್ರಿ ಫ್ಲೈಟ್ ಆದ್ರೆ ಆ ಹೊತ್ತಲ್ಲಿ ಆಫೀಸ್ ತೆರೆದಿರತ್ತಾ ಅಂತ ಮೊದಲೇ ತಿಳ್ಕೊಳಿ. ಯುರೋಪಿಯನ್ ಒಕ್ಕೂಟ ಪೂರ್ತಿ ಒಂದೇ ಕಸ್ಟಮ್ಸ್ ಪ್ರದೇಶ, ಹಾಗಾಗಿ ಜರ್ಮನಿಗೆ ಹೋಗೋ ದಾರಿಯಲ್ಲಿ ಪ್ಯಾರಿಸಲ್ಲಿ ಇಳಿದ್ರೆ ಬ್ಯಾಗಿನ ಕಾರ್ನೆ ಎಲ್ಲಿ ಮಾಡಿಸಬೇಕು ಅನ್ನೋದು ಗೊಂದಲ ಆಗತ್ತೆ, ನೇರ ಫ್ಲೈಟಿಗೆ ಸ್ವಲ್ಪ ಜಾಸ್ತಿ ಕೊಟ್ರೂ ಪರವಾಗಿಲ್ಲ.

ದೊಡ್ಡ ಮಷಿನ್ ಮೊದಲೇ ಹಡಗಲ್ಲಿ ಹೋಗ್ತಿದ್ರೆ ಮರದ ಪೆಟ್ಟಿಗೆ ನೋಡಿ. ಐಎಸ್‌ಪಿಎಂ 15 ಅನ್ನೋ ಅಂತರರಾಷ್ಟ್ರೀಯ ನಿಯಮದ ಪ್ರಕಾರ ಪ್ಯಾಕಿಂಗ್ ಮರವನ್ನ ಹುಳ ಸಾಯೋ ಹಾಗೆ ಸಂಸ್ಕರಿಸಿರಬೇಕು, ಬಿಸಿಯಿಂದ ಆದ್ರೆ ಮರದ ಒಳತಿರುಳು 56 ಡಿಗ್ರಿಯಲ್ಲಿ ಕನಿಷ್ಠ 30 ನಿಮಿಷ ಇರಬೇಕು, ಮೇಲೆ ಗೋಧಿತೆನೆ ಚಿತ್ರದ ಮುದ್ರೆ ಇರಬೇಕು. ಕೋಟಿ ಬೆಲೆಯ ಮಷಿನ್ ಸರಿಯಾಗೇ ಬಂದು, ಕೆಳಗೆ ಅಡ್ಡ ಹೊಡೆದ ಒಂದು ಮರದ ತುಂಡಿಗೆ ಮುದ್ರೆ ಇಲ್ಲ ಅಂತ ಪೆಟ್ಟಿಗೆ ಬಂದರಲ್ಲೇ ನಿಂತು, ಇಂಜಿನಿಯರ್ ಹೋಟೆಲಲ್ಲಿ ದಿನಗಟ್ಟಲೆ ಕಾದು ಕೂತಿದ್ದನ್ನ ನೋಡಿದೀನಿ. ಹಾಗೇ ಕರೆಂಟು: ಜರ್ಮನಿಯಲ್ಲಿ 230 ವೋಲ್ಟ್ 50 ಹರ್ಟ್ಸ್, ಅಮೆರಿಕದಲ್ಲಿ 120 ವೋಲ್ಟ್ 60 ಹರ್ಟ್ಸ್, ಕಾರ್ಖಾನೆಯಲ್ಲಿ ಬಹುತೇಕ 480 ವೋಲ್ಟ್ ತ್ರೀ ಫೇಸ್. ಲ್ಯಾಪ್‌ಟಾಪ್ ಚಾರ್ಜರಿಗೆ ಇದೆಲ್ಲಾ ಲೆಕ್ಕಕ್ಕಿಲ್ಲ, 100ರಿಂದ 240ರ ತನಕ ಏನು ಕೊಟ್ರೂ ತಗೊಳತ್ತೆ. ಡೆಮೊ ಯೂನಿಟ್ಟಿನ ಕನ್ವೇಯರಲ್ಲಿ ವೇಗ ಹಿಡಿತದಲ್ಲಿಡೋ ಡ್ರೈವ್ ಇಲ್ಲದ ಸಾದಾ ಇಂಡಕ್ಷನ್ ಮೋಟರ್ ಇದ್ರೆ ಮಾತ್ರ 60 ಹರ್ಟ್ಸಲ್ಲಿ ಶೇಕಡ 20ರಷ್ಟು ಜೋರಾಗಿ ತಿರುಗತ್ತೆ, ಕ್ಯಾಮೆರಾ ಟೈಮಿಂಗ್ ಪೂರ್ತಿ ತಪ್ಪತ್ತೆ, ಕಸ್ಟಮರ್ ಮುಂದೆ ನಿಂತ್ಕೊಂಡು ಇದನ್ನ ಕಂಡುಹಿಡಿಯೋ ಸ್ಥಿತಿ ಬರಬಾರದು.

ಬ್ಯಾಟರಿ ವಿಷಯ ಚಿಕ್ಕದಾಗಿ. ಬಿಡಿ ಲಿಥಿಯಂ ಬ್ಯಾಟರಿ, ಪವರ್ ಬ್ಯಾಂಕ್ ಚೆಕ್-ಇನ್ ಬ್ಯಾಗಲ್ಲಿ ಹಾಕೋ ಹಾಗೇ ಇಲ್ಲ, ಕ್ಯಾಬಿನಲ್ಲೇ ಇರಬೇಕು. 100 ವಾಟ್-ಅವರ್ ತನಕ ಸಾಮಾನ್ಯವಾಗಿ ತೊಂದರೆ ಇಲ್ಲ, 100ರಿಂದ 160ರ ಮಧ್ಯೆ ಏರ್‌ಲೈನ್ ಅನುಮತಿ ಬೇಕು ಮತ್ತು ಅಂಥವು ಎರಡೇ, 160 ದಾಟಿದ್ರೆ ಪ್ರಯಾಣಿಕರ ಜೊತೆ ಬರೋ ಹಾಗಿಲ್ಲ. 20,000 ಎಂಎಎಚ್ ಪವರ್ ಬ್ಯಾಂಕ್ ಅಂದ್ರೆ 74 ವಾಟ್-ಅವರ್. ಪೋರ್ಟಬಲ್ ಲೈಟು, ಕಾರ್ಡ್‌ಲೆಸ್ ಡ್ರಿಲ್ ಬ್ಯಾಟರಿಗಳನ್ನ ಒಂದೊಂದಾಗಿ ನೋಡಿ ಲೆಕ್ಕ ಹಾಕಿ. 2025ರ ಜನವರಿ 28ರಂದು ದಕ್ಷಿಣ ಕೊರಿಯಾದ ಗಿಮ್ಹೆ ಏರ್‌ಪೋರ್ಟಲ್ಲಿ ಏರ್ ಬುಸಾನ್ ವಿಮಾನ ಹೊರಡೋಕೆ ಮುಂಚೆಯೇ ಹೊತ್ತಿ ಉರೀತು, ಒಳಗಿದ್ದ 176 ಜನರೂ ಇಳಿದು ಬದುಕಿದ್ರು, ತನಿಖೆಯವರು ಪವರ್ ಬ್ಯಾಂಕ್ ಕಾರಣ ಇರಬಹುದು ಅಂದ್ರು. ಅದಾದ ಮೇಲೆ ಮೇಲಿನ ಕಪಾಟಲ್ಲಿ ಪವರ್ ಬ್ಯಾಂಕ್ ಇಡಬೇಡಿ ಅನ್ನೋ ನಿಯಮ ಅಲ್ಲಿ ಬಂತು, ಬೇರೆ ಏರ್‌ಲೈನ್‌ಗಳೂ ಬಿಗಿ ಮಾಡಿವೆ, ನಿಮ್ಮ ಏರ್‌ಲೈನಿನ ಪುಟ ಹೊರಡೋ ವಾರ ಒಂದ್ಸಲ ಓದಿ.

ಔಷಧಿ ಬಗ್ಗೆ ಯಾರೂ ಎಚ್ಚರಿಸಲ್ಲ, ನನಗೆ ಇದೇ ಬೇಜಾರು. ಒಂದು ದೇಶದಲ್ಲಿ ಅಂಗಡಿಯಲ್ಲಿ ಸುಲಭವಾಗಿ ಸಿಗೋ ಕೆಮ್ಮಿನ ಸಿರಪ್ಪು ನೋವಿನ ಮಾತ್ರೆ ಇನ್ನೊಂದು ದೇಶದಲ್ಲಿ ಮಾದಕ ವಸ್ತುವಿನ ಪಟ್ಟಿಯಲ್ಲಿರತ್ತೆ. ಯುಎಇಯಲ್ಲಿ ಕೋಡೀನ್, ಟ್ರಮಡಾಲ್ ಇರೋ ಔಷಧಿಗೆ ಅಲ್ಲಿಯ ಸರ್ಕಾರದಿಂದ ಮೊದಲೇ ಆನ್‌ಲೈನಲ್ಲಿ ಅನುಮತಿ ತಗೋಬೇಕು, ಗಸಗಸೆ ಕೂಡ ಅಲ್ಲಿ ನಿಷಿದ್ಧ, ದುಬೈ ನಿಮ್ಮ ಕೊನೇ ನಿಲ್ದಾಣ ಆದ್ರೂ ಬ್ಯಾಗಲ್ಲಿರೋದು ಮೊದಲ ದಿನ ತುಂಬಿದ್ದೇ ತಾನೆ. ಜಪಾನ್‌ಗೆ ಮುಂದೆ ಯಾವಾಗಾದ್ರೂ ಕಳಿಸ್ತಾರೆ, ಅಲ್ಲಿ ಶೇಕಡ 10ಕ್ಕಿಂತ ಹೆಚ್ಚು ಸೂಡೋಎಫೆಡ್ರಿನ್ ಇರೋ ನೆಗಡಿ ಮಾತ್ರೆಯೂ ಒಳಗೆ ಬರೋ ಹಾಗಿಲ್ಲ. 2015ರ ಜೂನಲ್ಲಿ ಟೊಯೊಟಾ ಕಂಪನಿಯ ಅತಿ ಹಿರಿಯ ಮಹಿಳಾ ಅಧಿಕಾರಿ, ಅಮೆರಿಕದವರು, ಕೆಲಸಕ್ಕೆ ಅಂತ ಟೋಕಿಯೋಗೆ ಬಂದಿದ್ದವರು, ಪಾರ್ಸೆಲಲ್ಲಿ ಆಕ್ಸಿಕೋಡೋನ್ ಅನ್ನೋ ಬಲವಾದ ನೋವಿನ ಮಾತ್ರೆ ತರಿಸ್ಕೊಂಡ್ರು ಅಂತ ಬಂಧನಕ್ಕೊಳಗಾಗಿ ಸುಮಾರು ಮೂರು ವಾರ ಒಳಗಿದ್ರು. ಮೊಕದ್ದಮೆ ಆಗದೇ ಬಿಡುಗಡೆ ಆದ್ರು, ಆದ್ರೆ ಕೆಲಸ ಹೋಯ್ತು, ರಾಜೀನಾಮೆ ಕೊಡಬೇಕಾಯ್ತು. ಅವರಿಗೆ ವಕೀಲರು, ಸಲಹೆಗಾರರು ಕಮ್ಮಿ ಇದ್ರಾ?

ಹಾಗಾಗಿ ನೀವು ತಗೊಳ್ಳೋ ಪ್ರತಿ ಮಾತ್ರೆಯ ಬ್ರ್ಯಾಂಡ್ ಹೆಸರು ಬಿಟ್ಟು ಒಳಗಿನ ಔಷಧದ ಹೆಸರು ಬರೆದು ಮೂರೂ ದೇಶದ ಪಟ್ಟಿ ನೋಡಿ, ಮೂಲ ಸ್ಟ್ರಿಪ್ಪಲ್ಲೇ ಒಯ್ಯಿರಿ, ಡಬ್ಬಿಗೆ ಸುರ್ಕೊಂಡು ಹೋಗಬೇಡಿ, ಡಾಕ್ಟರ ಚೀಟಿ ಇಂಗ್ಲಿಷಲ್ಲಿ ಇರಲಿ. ಯಾರೋ ಪರಿಚಯದವರು ಅಲ್ಲಿರೋ ತಮ್ಮವರಿಗೆ ತಲುಪಿಸಿ ಅಂತ ಕೊಟ್ಟ ಔಷಧಿ ಪೊಟ್ಟಣ ಮುಟ್ಟಲೇಬೇಡಿ, ಬೇಜಾರು ಮಾಡ್ಕೊಂಡ್ರೂ ಸರಿ. ವೇಪ್ ಅಭ್ಯಾಸ ಇದ್ರೆ ಸಿಂಗಪುರ, ಥಾಯ್ಲೆಂಡಲ್ಲಿ ಅದು ಅಪರಾಧ, ದಾರಿ ಆ ಕಡೆ ಬದಲಾದ್ರೆ ನೆನಪಿರಲಿ. ಆಫ್ರಿಕಾ, ದಕ್ಷಿಣ ಅಮೆರಿಕದ ಕಡೆ ಹೋಗೋ ಸಹೋದ್ಯೋಗಿಗಳಿಗೆ ಇದನ್ನೂ ಹೇಳಿ: ಹಳದಿ ಜ್ವರದ ಲಸಿಕೆ ಸರ್ಟಿಫಿಕೇಟ್ ಚುಚ್ಚಿಸ್ಕೊಂಡ 10 ದಿನದ ಮೇಲಷ್ಟೇ ಚಾಲ್ತಿಗೆ ಬರತ್ತೆ, ಹೊರಡೋ ಹಿಂದಿನ ದಿನ ಓಡಿಹೋಗಿ ಹಾಕಿಸ್ಕೊಂಡ್ರೆ ಬಾಗಿಲಲ್ಲಿ ಉಪಯೋಗಕ್ಕೆ ಬರಲ್ಲ. ಒಂದು ಸಲ ಹಾಕಿಸ್ಕೊಂಡ್ರೆ 2016ರ ನಿಯಮದ ಪ್ರಕಾರ ಜೀವನಪೂರ್ತಿ ನಡೆಯತ್ತೆ.

ನಾಲ್ಕನೇದು ರಸ್ತೆ. ಇದನ್ನ ಯಾರೂ ಸಾಹಸದ ಕಥೆ ಮಾಡಿ ಹೇಳಲ್ಲ, ಯಾಕಂದ್ರೆ ಕೆಲವರು ಹೇಳೋಕೆ ವಾಪಸ್ ಬರಲ್ಲ. ಆರೋಗ್ಯವಾಗಿರೋ ಪ್ರವಾಸಿಗರು ವಿದೇಶದಲ್ಲಿ ಸಾಯೋ ಕಾರಣಗಳಲ್ಲಿ ರಸ್ತೆ ಅಪಘಾತ ಮುಂಚೂಣಿಯಲ್ಲಿದೆ. ಕೆಲಸದ ಪ್ರಯಾಣದಲ್ಲಿ ಇದು ಹೇಗಾಗತ್ತೆ ಅಂದ್ರೆ, ಹತ್ತು ಹದಿನೈದು ಗಂಟೆ ಹಾರಿ, ದೇಹದ ಗಡಿಯಾರ ಅರ್ಧರಾತ್ರಿ ತೋರಿಸ್ತಿರೋವಾಗ ಏರ್‌ಪೋರ್ಟಲ್ಲಿ ಬಾಡಿಗೆ ಕಾರು ತಗೊಂಡು, ಅಭ್ಯಾಸ ಇಲ್ಲದ ಬಲಬದಿಯ ರಸ್ತೆಯಲ್ಲಿ, ಮೂರು ಗಂಟೆ ದೂರದ ಪ್ಲಾಂಟಿಗೆ ಹೊರಡೋದು, ಮಾರನೇ ಬೆಳಿಗ್ಗೆ ಎಂಟಕ್ಕೆ ಮೀಟಿಂಗ್ ಇದೆ ಅಂತ. ಟೈಮ್ ಝೋನ್ ಹೊಂದ್ಕೊಳ್ಳೋಕೆ ಅಂದಾಜು ಒಂದು ಗಂಟೆಯ ವ್ಯತ್ಯಾಸಕ್ಕೆ ಒಂದು ದಿನ ಬೇಕು ಅಂತಾರೆ, ಪೂರ್ವದ ಕಡೆ ಹಾರಿದ್ರೆ ಇನ್ನೂ ಕಷ್ಟ. ಇಳಿದ ದಿನ ಸ್ಟೀರಿಂಗ್ ಹಿಡಿಯಲ್ಲ ಅಂತ ಮೊದಲೇ ಹೇಳಿಬಿಡಿ, ಏರ್‌ಪೋರ್ಟ್ ಪಕ್ಕದ ಹೋಟೆಲಲ್ಲಿ ಮಲಗಿ ಬೆಳಿಗ್ಗೆ ಹೊರಡಿ. ಯಾವ ಮ್ಯಾನೇಜರೂ ಇದಕ್ಕೆ ಬೇಡ ಅನ್ನಬಾರದು, ಅಂದ್ರೆ ಅದನ್ನೂ ಮೇಲಲ್ಲಿ ಕೇಳಿ. ಹಾಗೇ ಕಂಪನಿಯ ಇನ್ಶೂರೆನ್ಸಲ್ಲಿ ಆಸ್ಪತ್ರೆ ಖರ್ಚಿನ ಮಿತಿ ಎಷ್ಟು, ಊರಿಗೆ ಸಾಗಿಸೋ ಖರ್ಚು ಸೇರಿದೆಯಾ, ಫ್ಯಾಕ್ಟರಿ ಫ್ಲೋರಲ್ಲಿ ಆಗೋ ಗಾಯ ಒಳಗೊಂಡಿದೆಯಾ ಅಂತ ನೋಡಿ. ಕೈಕೆಲಸ ಮಾಡೋರಿಗೆ ಅನ್ವಯಿಸಲ್ಲ ಅನ್ನೋ ಸಾಲು ಎಷ್ಟೋ ಟ್ರಾವೆಲ್ ಪಾಲಿಸಿಗಳಲ್ಲಿ ಇರತ್ತೆ, ಸರ್ವಿಸ್ ಇಂಜಿನಿಯರಿಗೆ ಆ ಪಾಲಿಸಿ ಇದ್ರೂ ಒಂದೇ ಇಲ್ಲದಿದ್ರೂ ಒಂದೇ.

ಇನ್ನು ನಿಮ್ಮ ಸೀನಿಯರ್‌ಗಳು ಹೆದರಿಸಿದ ವಿಷಯಗಳು. ಬ್ಯಾಗ್ ಬರದಿದ್ರೆ ಏರ್‌ಪೋರ್ಟಿಂದ ಹೊರಗೆ ಬರೋಕೆ ಮುಂಚೆ ಪಿಐಆರ್ ಅನ್ನೋ ದೂರು ಬರೆಸಿ ನಂಬರ್ ತಗೊಳಿ, ಇದೊಂದು ಬಿಟ್ಟು ಹೊರಗೆ ಬಂದ್ರೆ ಆಮೇಲೆ ತುಂಬಾ ಅಲೆದಾಟ. 1999ರ ಮಾಂಟ್ರಿಯಲ್ ಒಪ್ಪಂದದ ಪ್ರಕಾರ ಲಗೇಜ್ ಹಾಳಾದ್ರೆ 7 ದಿನದೊಳಗೆ, ತಡವಾಗಿ ಬಂದ್ರೆ ಕೈಗೆ ಸಿಕ್ಕ 21 ದಿನದೊಳಗೆ ಲಿಖಿತ ದೂರು ಕೊಡಬೇಕು, 21 ದಿನ ಕಳೆದ್ರೂ ಬರಲೇ ಇಲ್ಲ ಅಂದ್ರೆ ಕಳೆದುಹೋದ ಲೆಕ್ಕಕ್ಕೆ ಬರತ್ತೆ. ಪರಿಹಾರದ ಮಿತಿ 2024ರ ಡಿಸೆಂಬರ್ 28ರಿಂದ ಒಬ್ಬರಿಗೆ 1,519 ಎಸ್‌ಡಿಆರ್, ಅದು ಐಎಂಎಫ್‌ನ ಲೆಕ್ಕದ ಹಣ. ಅಷ್ಟರೊಳಗೆ ಡೆಮೊ ಯೂನಿಟ್ಟಿನ ಬೆಲೆ ಬರಲ್ಲ, ಅದಕ್ಕೇ ಅದಕ್ಕೆ ಬೇರೆ ಇನ್ಶೂರೆನ್ಸ್ ಬೇಕು. ಒಂದು ಜೊತೆ ಬಟ್ಟೆ, ಲೈಸೆನ್ಸ್ ಡಾಂಗಲ್, ಸಾಫ್ಟ್‌ವೇರ್ ಬ್ಯಾಕಪ್, ಮುಖ್ಯವಾದ ಒಂದು ಲೆನ್ಸ್ ಕ್ಯಾಬಿನ್ ಬ್ಯಾಗಲ್ಲಿದ್ರೆ ಬ್ಯಾಗ್ ಮೂರು ದಿನ ತಡ ಆದ್ರೂ ನಿಮ್ಮ ಕೆಲಸ ನಿಲ್ಲಲ್ಲ. ಅಲ್ಲಿ ಕೊಂಡ ಬಟ್ಟೆ, ಬ್ರಶ್ಶಿನ ಬಿಲ್ಲೆಲ್ಲಾ ಇಟ್ಕೊಳಿ.

ಫ್ಲೈಟ್ ತಪ್ಪೋದರಲ್ಲಿ ನಾನು ಅತಿ ಹೆಚ್ಚು ನೋಡಿರೋದು ರಾತ್ರಿ 12 ದಾಟಿದ ಮೇಲಿನ ಟೈಮು. ಟಿಕೆಟಲ್ಲಿ ಶನಿವಾರ 00:20 ಅಂತ ಇರತ್ತೆ, ಅಂದ್ರೆ ನೀವು ಶುಕ್ರವಾರ ರಾತ್ರಿ ಊಟ ಮಾಡಿ ಏರ್‌ಪೋರ್ಟಲ್ಲಿರಬೇಕು, ಶನಿವಾರ ರಾತ್ರಿ ಬಂದ್ರೆ ವಿಮಾನ ಹೋಗಿ ಒಂದು ದಿನ ಆಗಿರತ್ತೆ. ದಿನಾಂಕ ಬರೆಯೋ ಕ್ರಮವೂ ಅಷ್ಟೇ, 04/05 ಅಂದ್ರೆ ಅಮೆರಿಕದಲ್ಲಿ ಏಪ್ರಿಲ್ 5, ಯುರೋಪಲ್ಲಿ ಮೇ 4, ಕಸ್ಟಮರ್ ಜೊತೆ ತಿಂಗಳ ಹೆಸರು ಅಕ್ಷರದಲ್ಲೇ ಬರೀರಿ. ಒಂದೇ ಊರಿಗೆ ಎರಡು ಮೂರು ಏರ್‌ಪೋರ್ಟ್ ಇರೋದು, ಒಂದೇ ಹೆಸರಿನ ಎರಡು ಊರು ಇರೋದು ಇನ್ನೊಂದು. ಕ್ಯಾಲಿಫೋರ್ನಿಯಾದಲ್ಲೂ ಕೋಸ್ಟಾರಿಕಾದಲ್ಲೂ ಸ್ಯಾನ್ ಹೋಸೆ ಇದೆ, ಇಂಗ್ಲೆಂಡಲ್ಲೂ ಅಲಬಾಮಾದಲ್ಲೂ ಬರ್ಮಿಂಗ್‌ಹ್ಯಾಮ್ ಇದೆ, ಹಾಗಾಗಿ ಟ್ರಾವೆಲ್ ಡೆಸ್ಕ್ ಕಳಿಸಿದ ಟಿಕೆಟಲ್ಲಿ ಊರಿನ ಹೆಸರಷ್ಟೇ ಓದಬೇಡಿ, ಮೂರಕ್ಷರದ ಕೋಡ್ ಓದಿ. ಕೆಲಸದ ವಾರವೂ ಎಲ್ಲಾ ಕಡೆ ಒಂದೇ ಅಲ್ಲ. ಯುಎಇ 2022ರ ಜನವರಿಯಿಂದ ಶನಿವಾರ ಭಾನುವಾರದ ರಜೆಗೆ ಬದಲಾಗಿದೆ, ಸರ್ಕಾರಿ ಕಚೇರಿಗೆ ಶುಕ್ರವಾರ ಅರ್ಧ ದಿನ, ಪಕ್ಕದ ಸೌದಿಯಲ್ಲಿ ಶುಕ್ರವಾರ ಶನಿವಾರವೇ ರಜೆ. ನಿಮ್ಮ ದುಬೈ ಮೀಟಿಂಗ್ ಶುಕ್ರವಾರ ಮಧ್ಯಾಹ್ನ ಇಟ್ಟಿದ್ರೆ ಬದಲಾಯಿಸಿ.

ವಿಮಾನ ರದ್ದಾದ್ರೆ ನೀವು ಎಲ್ಲಿದೀರ ಅನ್ನೋದರ ಮೇಲೆ ಹಕ್ಕು ಬದಲಾಗತ್ತೆ. ಯುರೋಪಿಯನ್ ಒಕ್ಕೂಟದಿಂದ ಹೊರಡೋ ಯಾವುದೇ ಏರ್‌ಲೈನಿನ ಫ್ಲೈಟಿಗೆ 261/2004 ಅನ್ನೋ ನಿಯಮ ಇದೆ, 3 ಗಂಟೆಗಿಂತ ಹೆಚ್ಚು ತಡವಾಗಿ ತಲುಪಿಸಿದ್ರೆ ದೂರ ನೋಡಿ 250ರಿಂದ 600 ಯೂರೋ ತನಕ ಪರಿಹಾರ, ಅಸಾಧಾರಣ ಕಾರಣ ಇದ್ರೆ ಆ ದುಡ್ಡು ಇಲ್ಲ, ಆದ್ರೆ ಊಟ ಹೋಟೆಲ್ ಕೊಡೋದು ತಪ್ಪಲ್ಲ. 2010ರ ಏಪ್ರಿಲಲ್ಲಿ ಐಸ್‌ಲ್ಯಾಂಡಿನ ಜ್ವಾಲಾಮುಖಿ ಬೂದಿ ಎದ್ದು ಯುರೋಪಿನ ಆಕಾಶ ಸುಮಾರು 6 ದಿನ ಮುಚ್ಚಿತ್ತು, ಒಂದು ಲಕ್ಷದಷ್ಟು ಫ್ಲೈಟ್ ರದ್ದಾದ್ವು, ಸುಮಾರು ಒಂದು ಕೋಟಿ ಜನ ಅಲ್ಲಲ್ಲೇ ಸಿಕ್ಕಿಹಾಕ್ಕೊಂಡ್ರು, ಆಗ ಸಿಕ್ಕಿಬಿದ್ದ ಒಬ್ಬ ಪ್ರಯಾಣಿಕರ ಮೊಕದ್ದಮೆಯಲ್ಲೇ ಯುರೋಪಿನ ನ್ಯಾಯಾಲಯ 2013ರಲ್ಲಿ ಈ ಊಟ ಹೋಟೆಲ್ ಮಾತು ಖಚಿತ ಮಾಡ್ತು. ಅಂಥ ದಿನಗಳಲ್ಲಿ ಅಪರಿಚಿತರು ನಾಲ್ಕೈದು ಜನ ಸೇರಿ ರೈಲು, ಬಸ್ಸು, ದೋಣಿ ಹಿಡಿದು ಅರ್ಧ ಖಂಡ ದಾಟಿ ಮನೆ ಸೇರಿದಾರೆ, ಇವತ್ತಿಗೂ ಅದನ್ನ ಕಣ್ಣರಳಿಸಿ ಹೇಳ್ತಾರೆ. ಇಂಥ ಎಡವಟ್ಟು ನಿಮಗೆ ಬಂದ್ರೆ ಮನಸಾರೆ ಅನುಭವಿಸಿ, ಹೊಸ ಊರಲ್ಲಿ ಒಂದು ದಿನ ಹೆಚ್ಚು ಸಿಕ್ತು ಅಂತ ನಡೆದಾಡ್ಕೊಂಡು ಬನ್ನಿ. ಕೆಲಸದ ಪ್ರಯಾಣದಲ್ಲಿ ಏರ್‌ಪೋರ್ಟು ಹೋಟೆಲು ಫ್ಯಾಕ್ಟರಿ ಬಿಟ್ಟು ಬೇರೆ ಏನೂ ನೋಡದೇ ವಾಪಸ್ ಬರೋದು ನಂಗೆ ಬ್ಯಾಗ್ ಕಳೆಯೋದಕ್ಕಿಂತ ದೊಡ್ಡ ನಷ್ಟ ಅನ್ಸತ್ತೆ.

ಪಾಸ್‌ಪೋರ್ಟ್ ಕಳೆದ್ರೆ ಪೊಲೀಸ್ ದೂರು, ಆಮೇಲೆ ನಿಮ್ಮ ದೇಶದ ರಾಯಭಾರ ಕಚೇರಿ, ಅಲ್ಲಿ ತುರ್ತು ಪ್ರಯಾಣ ಪತ್ರ ಸಿಗತ್ತೆ. ಆದ್ರೆ ಪಾಸ್‌ಪೋರ್ಟ್ ಜೊತೆ ಅದರಲ್ಲಿದ್ದ ಎಲ್ಲಾ ವೀಸಾ ಹೋಯ್ತು ಅನ್ನೋದು ನೆನಪಿರಲಿ, ಜರ್ಮನಿಯಲ್ಲಿ ಕಳೆದ್ರೆ ಅಮೆರಿಕದ ಕೆಲಸ ಬಿಟ್ಟಂತೆಯೇ. ಚೀನಾದಂಥ ಕಡೆ ಹೊಸ ಪಾಸ್‌ಪೋರ್ಟ್ ಸಿಕ್ಕ ಮೇಲೂ ಹೊರಗೆ ಹೋಗೋಕೆ ಬೇರೆ ವೀಸಾ ಮಾಡಿಸಬೇಕು. ಯಾವ ಕಾರಣಕ್ಕಾದ್ರೂ ಪೊಲೀಸರು ಹಿಡಿದ್ರೆ ರಾಯಭಾರ ಕಚೇರಿಗೆ ತಿಳಿಸಿ ಅಂತ ಕೇಳೋ ಹಕ್ಕು 1963ರ ವಿಯೆನ್ನಾ ಒಪ್ಪಂದದ 36ನೇ ವಿಧಿಯಲ್ಲಿದೆ. ಅವರೇ ಕೇಳಲಿ ಅಂತ ಕಾಯಬೇಡಿ, ನೀವೇ ಬಾಯಿಬಿಟ್ಟು ಕೇಳಿ, ಅರ್ಥ ಆಗದ ಭಾಷೆಯ ಕಾಗದಕ್ಕೆ ಸಹಿ ಹಾಕಬೇಡಿ.

ಬ್ಯಾಂಕಿನ ಓಟಿಪಿ ಬರೋ ಸಿಮ್ಮಿಗೆ ರೋಮಿಂಗ್ ಆನ್ ಮಾಡಿಸಿ, ಕಂಪನಿ ಲಾಗಿನ್ನಿಗೆ ಓಟಿಪಿ ಬದಲು ಆಥೆಂಟಿಕೇಟರ್ ಆಪ್ ಹಾಕಿಸ್ಕೊಳಿ, ಎರಡು ಬೇರೆ ಬೇರೆ ಕಾರ್ಡ್ ಎರಡು ಬೇರೆ ಜಾಗದಲ್ಲಿಡಿ. ಸ್ವೈಪ್ ಮಾಡೋವಾಗ ನಿಮ್ಮ ದೇಶದ ಹಣದಲ್ಲಿ ಕಟ್ತೀರಾ ಅಂತ ಮಷಿನ್ ಕೇಳತ್ತೆ, ಬೇಡ ಅಂತ ಒತ್ತಿ, ಅಲ್ಲಿಯ ಹಣದಲ್ಲೇ ಕಟ್ಟಿ, ಇಲ್ಲಾಂದ್ರೆ ಅವರು ಹೇಳಿದ ದರವೇ ದರ. ಯುಎಇಯಲ್ಲಿ ವಾಟ್ಸಾಪ್ ಕಾಲ್ ಸಾಮಾನ್ಯವಾಗಿ ಹೋಗಲ್ಲ, ಮನೆಯವರಿಗೆ ಮೊದಲೇ ಹೇಳಿರಿ, ಗಾಬರಿ ಆಗ್ತಾರೆ.

ಹೊರಡೋ ಮುಂಚೆ ಮ್ಯಾನೇಜರ್ ಹತ್ರ ಮೂರು ಮಾತು ಲಿಖಿತವಾಗಿ ತಗೊಳಿ: ರಾತ್ರಿ ಎರಡು ಗಂಟೆಗೆ ತೊಂದರೆ ಆದ್ರೆ ಫೋನ್ ಎತ್ತೋರು ಯಾರು, ಕೇಳದೇ ನಾನೇ ಖರ್ಚು ಮಾಡಬಹುದಾದ ಮೊತ್ತ ಎಷ್ಟು, ಕೆಲಸ ಕಾನೂನಿನ ಗೆರೆ ದಾಟ್ತಿದೆ ಅನ್ನಿಸಿದ್ರೆ ನಿಲ್ಲಿಸೋ ಅಧಿಕಾರ ನನಗಿದೆಯಾ. ಕಸ್ಟಮರ್ ಪ್ಲಾಂಟಲ್ಲಿ ಹೇಗೂ ಬಂದಿದೀರಲ್ಲ, ಪಕ್ಕದ ಲೈನಲ್ಲಿರೋ ಬೇರೆಯವರ ಮಷಿನ್ ಕೂಡ ಸ್ವಲ್ಪ ನೋಡಿಕೊಡಿ ಅಂತ ಪ್ರೀತಿಯಿಂದಲೇ ಕೇಳ್ತಾರೆ, ಬಿ-1ರಲ್ಲಿ ಅದು ನಿಮ್ಮ ಕಾಂಟ್ರಾಕ್ಟಿನ ಹೊರಗಿನ ಕೆಲಸ. ಆ ಹೊತ್ತಲ್ಲಿ ನಮ್ಮ ಆಫೀಸ್ ಒಪ್ಪಲ್ಲ ಸರ್ ಅಂತ ಹೇಳೋಕೆ ಆ ಮೇಲ್ ನಿಮಗೆ ಆಸರೆ.

ಕೊನೇದಾಗಿ ವಾಪಸ್ ಇಳಿದಾಗ. ಸುಸ್ತಾಗಿರ್ತೀರ, ಮನೆಯವರು ಹೊರಗೆ ಕಾಯ್ತಿರ್ತಾರೆ, ಗ್ರೀನ್ ಚಾನಲ್ಲಲ್ಲಿ ಸೀದಾ ನಡೆದುಬಿಡೋಣ ಅನ್ಸತ್ತೆ. ಡೆಮೊ ಯೂನಿಟ್ ತಗೊಂಡು, ಕಸ್ಟಮ್ಸ್‌ಗೆ ಸಾಮಾನು ತೋರಿಸಬೇಕಾದೋರು ಹೋಗೋ ರೆಡ್ ಚಾನಲ್‌ಗೆ ಹೋಗಿ, ಹಳದಿ ಹಾಳೆಯ ಎರಡನೇ ಭಾಗಕ್ಕೆ ಮುದ್ರೆ ಹಾಕಿಸಿ, ಅಲ್ಲೇ ನಿಂತು ಸೀರಿಯಲ್ ನಂಬರು ದಿನಾಂಕ ಸರಿ ಇದೆಯಾ ನೋಡಿ, ಫೋಟೋ ತೆಗೆದಿಟ್ಕೊಳಿ, ಅದೇ ವಾರ ಕಾರ್ನೆಯನ್ನ ಕೊಟ್ಟ ಚೇಂಬರ್‌ಗೆ ವಾಪಸ್ ಒಪ್ಪಿಸಿ ರಸೀದಿ ತಗೊಳಿ.